ಕೊನೀ ಸಾಲು

ಒಂದ ಹಾಳಿಗಿ ಹಿಡಿಯಲ್ಲ ಈ ಟೇಬಲ್.
ಮೂವತ್ನಾಕು ಸಾಲು ಮುಗಿದ ಮ್ಯಾಲ
ಪ್ರಿಂಟರ್ ಒಂದ್ ಗಳಿಗಿ ಸುಮ್ಮ ನಿಂತು
ಇನ್ನೊಂದು ಹಾಳಿ ಒಳಗ ಎಳಕೊಂಡು
ಅದರ ನೆತ್ತಿಗಿ ಒಂದೇ ಒಂದು ಸಾಲು ಬರೀತದ:
ಯಾದಗಿರಿ.
ಕೆಳಗ ಪೂರಾ ಬಿಳಿ,
ನಂಬರ್ ಬರದು, ಪೆನ್ನಿನ ಟೊಪಗಿ ಮುಚ್ಚಿ
ಮೂರು ತಾಸು ಕಿಟಕಿ ಹೊರಗ ನೋಡ್ಕೋತ ಕುಂತ ಹುಡುಗನ
ಉತ್ತರ ಪತ್ರಿಕಾದಂಗ.

ಖಾಜಾ ಹುಸೇನ ಸಾಹೇಬರು ಚಷ್ಮಾ ಏರಿಸಿ ನೋಡಿದ್ರು.
‘ಹಿಂಗ ಒಂಟಿ ಕಳಸಬ್ಯಾಡ್ರಿ ಬಾಯಿ,
ಸಂಜಿಗಿ ಮೀಟಿಂಗ್ ಅದ.
ಜರಾ ಒತ್ತರಿ, ಹಿಡೀತದ.’
ಒತ್ತಿದೆ.
ಉಡುಪಿ ಸರೀತು, ಶಿರಸಿ ಸರೀತು,
ಬೆಂಗಳೂರು ಮೊಣಕಾಲು ಮಡಚ್ತು,
ಶಹಾಪುರ ಬಸ್ಸಿನ ಹಿಂದಿನ ಸೀಟಿನ್ಯಾಗ
ಐದು ಮಂದಿ ಆರು ಆದಂಗ
ನಮಗೂ ಒಂದು ತುದಿ ಸಿಕ್ತು.

ಇನ್ನ ‘ಕಾರಣ’ ಅನ್ನೋ ಕಾಲಮ್.
ಸಾಲಿಗೋಳಿಂದ ಬಂದ ಕಾಗದ ನೋಡಿ ಹೊಡೀಬೇಕು.
ಶಿಕ್ಷಕರ ಕೊರತೆ. ಶಿಕ್ಷಕರ ಕೊರತೆ.
ಮೂಲಿ ಹಿಡಿದು ಕೆಳಗ ಎಳದ್ರ ಸಾಕು,
ತಾನೇ ತುಂಬ್ಕೋತದ.
ವಡಗೇರಾ ಕಡಿ ಒಬ್ರು, ವಿಶ್ವಾರಾಧ್ಯ ಮಾಸ್ತರು,
ಕೈಲೆ ಬರದು ಕಳಸ್ಯಾರ:
‘ನಾನು ಹಿಂದಿ ಮಾಸ್ತರ. ಮೂರು ವರ್ಷಾತು ಗಣಿತ ಹೇಳ್ಲತ್ತೀನಿ.
ಪ್ರಮೇಯ ಕೇಳ್ರಿ, ದೋಹಾದಂಗ ಒದರ್ತಾರ ಹುಡುಗ್ರು.
ಬೋರ್ಡಿನ ಮ್ಯಾಲ ತ್ರಿಕೋನ ಬರದ್ರ ಮಾತ್ರ
ಎಲ್ಲಾರೂ ಸುಮ್ಮ. ನಾನೂ ಸುಮ್ಮ.’
ಅಷ್ಟೂ ಹೊಡದೆ.
ಡಬ್ಬಿ ದಾಟಿದ ಮಾತು
ಬಾಜೂ ಡಬ್ಬಿ ಹಿಂದ ಹೋಗಿ ಅಡಗಿ ಕುಂತದ.
ಕಾಣೋದು ಇಷ್ಟೇ:
‘ನಾನು ಹಿಂದಿ ಮಾಸ್ತರ. ಮೂ’

ನಾ ಹತ್ತನೇತ್ತ ಬರದ ವರ್ಷ ಎಷ್ಟನೇದ್ರಾಗ ಇದ್ವಿ?
ಆಗ ಯಾರೂ ಹೇಳಲಿಲ್ಲ.
ಮೈಸೂರಿಗಿ ಟ್ರೇನಿಂಗಿಗಿ ಹೋದಾಗ
ಬಾಜೂ ಮಂಚದ ಹುಡುಗಿ ಕೇಳಿದ್ಲು,
‘ಯಾದಗಿರಿನಾ? ಪೇಪರಲ್ಲಿ ಕೊನೇಲಿ ಬರತ್ತಲ್ಲ, ಅದಾ?’
ಕೆಟ್ಟಾಕಿ ಅಲ್ಲ ಆಕಿ.
ತನ್ನ ಡಬ್ಬ್ಯಾಗಿನ ಕೋಡುಬಳಿ ಕೊಟ್ಟೇ ಕೇಳಿದ್ಲು.
ನಮ್ಮೂರ ಹೊಳಿ ಹೆಸರು ಹೇಳಬೇಕಂತ ಬಾಯಿ ತೆರದಿದ್ದೆ.
ಕೋಡುಬಳಿ ತಿಂದೆ.

ಮಧ್ಯಾನ ಕಲಬುರಗಿ ಆಫೀಸಿನಿಂದ ಸುಗಲಾಬಾಯಿ ಫೋನು.
ಮಾರಿ ನೋಡಿಲ್ಲ ಆಕೀದು, ಬರೇ ದನಿ ಗೊತ್ತು.
‘ಈ ಸಲ ಬಚಾವ್ ಆದೆವ್ವಾ ನಾವು, ನಿಮ್ಮ ಪುಣ್ಯಾ!’
ಇಬ್ಬರೂ ನಕ್ಕೆವು.
ಫೋನ್ ಇಟ್ಟು ಲೆಕ್ಕಾ ಹಾಕಿದೆ:
ನಮಗೂ ಅವ್ರಿಗೂ ನಡುವ ಸೊನ್ನಿ ಪಾಯಿಂಟ್ ಮೂರು.
ಹನ್ನೊಂದು ಸಾವಿರ ಹುಡುಗ್ರಾಗ ಅಂದ್ರ
ಮೂವತ್ಮೂರು ಮಂದಿ. ಮ್ಯಾಲ ಇನ್ನೊಬ್ಬ.
ಒಂದು ಬಸ್ಸಿನಷ್ಟು ಹುಡುಗ್ರು.

ಯಾವ ಬಸ್ಸು ಅಂತನೂ ನನಗ ಗೊತ್ತದ ಅನಸ್ತದ:
ಹೊಳಿ ದಂಡಿ ಹಾದೀದು,
ದೀಪಾವಳಿ ಆದ ಮ್ಯಾಲ ಬರೋದು ಬಿಟ್ಟಿದ್ದು.
ಎಂಟಕ್ಕ ಕಟ್ಟಿ ಮ್ಯಾಲ ಬಂದು ನಿಂತು
ಒಂಬತ್ತಕ್ಕ ಪಾಟಿಚೀಲ ಇಳಿಸಿ
ಯೂನಿಫಾರ್ಮಿನ ಮ್ಯಾಲ ಅಪ್ಪನ ಅಂಗಿ ತೊಟ್ಟು
ಹತ್ತಿ ಬಿಡಸಲಿಕ್ಕ ಹೋದವ್ರು.
ಮೊದಲ ಮೂರು ದಿನ ಹಾದಿ ಕಡಿ ನೋಡ್ಕೋತ ಬಿಡಿಸ್ಯಾರಂತ.
ಅವರು ಪಾಸಾಗಿದ್ರ
ಈಗ ಸುಗಲಾಬಾಯಿ ಸಾಲು ಒತ್ತಲತ್ತಿದ್ಲು.
ಅಷ್ಟೇ.

ನಾಕೂವರಿಗಿ ಬಂತು ಹಾಳಿ, ಬಿಸಿ ಬಿಸಿ, ಒಂದೇ.
ಸಾಹೇಬರು ‘ಛಂದ ಆತು’ ಅಂದ್ರು.
ಖರೇನೂ ಛಂದ ಆಗ್ಯಾದ.
ಕೆಳಗ ಮಾತ್ರ ಜಾಗಾ ಉಳದಿಲ್ಲ ಹಿಡ್ಕೊಳ್ಳಲಿಕ್ಕ.
ಯಾರೇ ಎತ್ತಲಿ ಈ ಹಾಳಿ,
ಓದಬೇಕಂದ್ರ
ಹೆಬ್ಬಟ್ಟು
ನಮ್ಮ ಹೆಸರಿನ ಮ್ಯಾಲೇ ಬೀಳ್ತದ.