ಉಪ್ಪಿನ ತಿರುವು

ಸ್ಕಾರ್ವಿಕ್‌ನಲ್ಲಿ ಎಲ್ಲ ಬೀದಿಗಳೂ ನೇರ,
ಒಂದರ ಹೊರತು.
ಬಂದರಿನಿಂದ ಇಗರ್ಜಿಯ ಕಡೆಗೆ
ದಾರ ಬಿಗಿದ ಹಾಗೆ ಹೊರಟು
ಅರ್ಧದಲ್ಲಿ ಸೊಂಟ ಬಳುಕಿಸುತ್ತದೆ
ಬೆರ್ಟಿನಿಯುಸ್ ಟಾಂಗೆನ್ ಬೀದಿ.
ಇಪ್ಪತ್ತೆರಡು ವರ್ಷ ಅಂಚೆಚೀಲ ಹೊತ್ತ ಹೆಗಲು ನನ್ನದು;
ಎಡಕ್ಕೆ ಹದಿನೇಳು ಹೆಜ್ಜೆ, ಮತ್ತೆ ಬಲಕ್ಕೆ,
ಕಣ್ಣು ಮುಚ್ಚಿಯೂ ತಿರುಗಬಲ್ಲೆ.

ಅವನು ಹುಟ್ಟಿದ್ದು ಹೊರದ್ವೀಪದಲ್ಲಿ.
ಮರವೆಂದರೆ ಅಲೆ ತಂದು ಹಾಕಿದ್ದಷ್ಟೇ,
ದನಗಳಿಗೆ ಬೇಯಿಸಿದ ಮೀನಿನ ತಲೆಯೇ ಮೇವು.
ಹನ್ನೆರಡಕ್ಕೆ ದೋಣಿ ಹತ್ತಿದ,
ಹದಿನೈದಕ್ಕೆ ಯಾರದೋ ಪೀಪಾಯಿಗಳ ಲೆಕ್ಕ ಬರೆದ,
ಮೂವತ್ತಕ್ಕೆ ಆ ಪೀಪಾಯಿಗಳೆಲ್ಲ ಅವನವೇ.
ಹೆರಿಂಗ್ ಬಂದ ಚಳಿಗಾಲಗಳಲ್ಲಿ
ಸಮುದ್ರ ಬೆಳ್ಳಿಯನ್ನು ಬಕೆಟ್ಟಿನಲ್ಲಿ ಮೊಗೆದು ಕೊಟ್ಟಿತಂತೆ;
ಬೆಳ್ಳಿಗೆ ಕೈಯೊಡ್ಡಿದವರು ಬಹಳ ಮಂದಿ,
ಉಪ್ಪು ಕೊಂಡಿಟ್ಟವನು ಇವನೊಬ್ಬನೇ.
ಸ್ಪೇನಿನಿಂದ ಹಡಗು ತುಂಬ
ಒರಟು ಉಪ್ಪು, ತೇವ ಹೀರಿ ಭಾರವಾಗುವ ಉಪ್ಪು.
ಮೀನು ಬಂದ ವರ್ಷ ಅವನ ಬಾಗಿಲಿಗೆ ಉಪ್ಪಿಗೆ ಹೋಗಬೇಕು,
ಬಾರದ ವರ್ಷ ಸಾಲಕ್ಕೆ.
ನನ್ನಜ್ಜಿ ಹೇಳುತ್ತಿದ್ದಳು:
ತಕ್ಕಡಿಯ ಮೇಲೆ ಅವನ ಹೆಬ್ಬೆರಳಿಗೆ
ಬೇರೆಯೇ ಸಂಬಳವಿತ್ತು.

ಊರು ಸುಟ್ಟದ್ದು ಜನವರಿಯ ಒಂದು ರಾತ್ರಿ.
ಬೇಕರಿಯ ಕಿಡಿ, ವಾಯವ್ಯದ ಗಾಳಿ.
ಬಾವಿಗಳು ಹೆಪ್ಪುಗಟ್ಟಿದ್ದವು;
ಜನ ಹಿಮವನ್ನೇ ಸಲಿಕೆಯಲ್ಲಿ ಎತ್ತಿ ಬೆಂಕಿಗೆ ಎಸೆದರು.
ಬೆಳಗಾದಾಗ ನಿಂತಿದ್ದವು
ಮುನ್ನೂರು ಹೊಗೆಗೂಡು, ಒಂದು ಕಲ್ಲಿನ ಗೋದಾಮು.
ಉಪ್ಪಿಗೆ ಬೆಂಕಿ ಹತ್ತುವುದಿಲ್ಲ.

ಆ ವಸಂತದಲ್ಲಿ ಅವನನ್ನೇ ಮೇಯರ್ ಮಾಡಿದರು,
ಉಳಿದವರ ಬಳಿ ಕೂರಲು ಕುರ್ಚಿಯೂ ಇರಲಿಲ್ಲ.
ಕ್ರಿಸ್ಟಿಯಾನಿಯಾದ ಎಂಜಿನಿಯರ್ ಬಂದು
ನಕ್ಷೆಗೆ ಪಟ್ಟಿ ಇಟ್ಟು ಗೆರೆ ಎಳೆದ:
ಅಗಲ ರಸ್ತೆ, ಬೆಂಕಿ ಜಿಗಿಯಲಾರದ ರಸ್ತೆ.
ಗೆರೆ ಹಾದದ್ದು ಗೋದಾಮಿನ ಎದೆಯ ಮೇಲೆ.

ನಡಾವಳಿ ಪುಸ್ತಕ ಈಗಲೂ ಇದೆ, ನೋಡಿದ್ದೇನೆ.
“ನೆಲದಡಿ ಗಟ್ಟಿಬಂಡೆ ಇರುವ ಕಾರಣ
ರಸ್ತೆಯನ್ನು ಪಶ್ಚಿಮಕ್ಕೆ ಸರಿಸತಕ್ಕದ್ದು.”
ಬಂಡೆ ಇರಲಿಲ್ಲ.
ಪಶ್ಚಿಮಕ್ಕೆ ಇದ್ದದ್ದು ನನ್ನಜ್ಜಿಯ ಅಡುಗೆಮನೆಯ ಬುನಾದಿ,
ವಿಧವೆ ಹಾನ್ಸಿನೆಯ ಆಲೂಗಡ್ಡೆ ಮಡಿ.
ಪರಿಹಾರವೇನೋ ಕೊಟ್ಟರು,
ಅರ್ಧ ದುಡ್ಡು, ಅರ್ಧ ಉಪ್ಪು.

ಉಪ್ಪು ತಿಂದವನು ನೀರು ಕುಡಿಯಲೇಬೇಕು.
ಇವನು ಕುಡಿದನೋ, ಊರಿಗೇ ಕುಡಿಸಿದನೋ:
ಮೂರನೇ ವರ್ಷ ತನ್ನೆರಡು ಹಡಗು ಮಾರಿ
ಬೆಟ್ಟದ ಕೆರೆಯಿಂದ ಕೊಳವೆ ತಂದ,
ಒಂಬತ್ತು ಕಿಲೋಮೀಟರ್, ಚಳಿ ಮುಟ್ಟದ ಆಳದಲ್ಲಿ.
ಯಾಕೆಂದು ಯಾರೂ ಕೇಳಲಿಲ್ಲ,
ಕೇಳಿದ್ದರೆ ಬೈಯುತ್ತಿದ್ದ.
ಮೊದಲ ನಲ್ಲಿ ಹಾನ್ಸಿನೆಯ ಹೊಸ ಬಾಗಿಲಿಗೆ.
ಅವಳು ಬಕೆಟ್ ತುಂಬಿಸಿ, ಊರೆದುರು,
ಅವನ ಬೂಟಿನ ಮೇಲೆ ಸುರಿದಳು.
ಅವನು ಟೋಪಿ ತೆಗೆದ;
ಪಚಕ್ ಪಚಕ್ ಎನ್ನುತ್ತ ಕಚೇರಿಗೆ ನಡೆದ.

ಆಮೇಲೆ ಹೆರಿಂಗ್ ಬರಲಿಲ್ಲ.
ಹೇಳಿ ಹೋಗುವ ನೆಂಟನಲ್ಲ ಅದು.
ಬ್ಯಾಂಕು ಮುಚ್ಚಿತು, ಗೋದಾಮು ಹರಾಜಾಯಿತು,
ನಾಲ್ಕನೇ ಚುನಾವಣೆಯಲ್ಲಿ ಗೆದ್ದವನು
ಪೀಪಾಯಿಗೆ ಬಳೆ ಬಡಿಯುತ್ತಿದ್ದ ಆಳು, ಊಲುಫ್.
ಸಭೆಯ ಮರದ ಸುತ್ತಿಗೆಯನ್ನು ಅವನ ಕೈಗಿಡುತ್ತ
“ತೂಗಿ ತಗೋ” ಎಂದನಂತೆ ಮುದುಕ,
ಹೆಬ್ಬೆರಳನ್ನು ದೂರ ಹಿಡಿದು ತೋರಿಸಿ.
ಇಡೀ ಸಭೆ ನಕ್ಕಿತು, ಅಜ್ಜಿ ನಗಲಿಲ್ಲ.
ಸಾಯುವ ತನಕ ಅವಳು ಆ ತಿರುವು ತುಳಿಯಲಿಲ್ಲ,
ಇಗರ್ಜಿಗೆ ಸುತ್ತುದಾರಿ ಹಿಡಿದಳು, ಮಂಜಿನಲ್ಲೂ.

ನೇರ ಬೀದಿಗಳಲ್ಲಿ ಗಾಳಿ
ಬಂದರಿನಿಂದ ಬಿಟ್ಟ ಬಾಣದಂತೆ ಬರುತ್ತದೆ,
ಲಕೋಟೆ ಕಿತ್ತುಕೊಳ್ಳುತ್ತದೆ, ರೆಪ್ಪೆ ಅಂಟಿಸುತ್ತದೆ.
ಈ ತಿರುವಿನಲ್ಲಿ ಮಾತ್ರ
ಗೋದಾಮಿನ ಗೋಡೆಗೆ ಹಣೆ ಬಡಿದು ನಿಲ್ಲುತ್ತದೆ.
ಅಲ್ಲಿ ಪೈಪಿಗೆ ಬೆಂಕಿ ಕಡ್ಡಿ ಗೀರುತ್ತಾರೆ ಗಂಡಸರು,
ಶಾಲೆ ಬಿಟ್ಟ ಮಕ್ಕಳು ಕಲ್ಲಿಗೆ ನಾಲಗೆ ಮುಟ್ಟಿಸಿ
ಇನ್ನೂ ಉಪ್ಪು, ಇನ್ನೂ ಉಪ್ಪು ಎಂದು ಕೂಗುತ್ತಾರೆ.
ನಾನು ಚೀಲ ಇಳಿಸಿ, ಕೈಗವಸು ಕಳಚಿ,
ಬೆರಳಿಗೆ ಉಸಿರೂದಿಕೊಂಡು
ಮುಂದಿನ ಮನೆಗಳ ಹೆಸರು ಜೋಡಿಸುತ್ತೇನೆ.

ಅಜ್ಜಿ, ಬೈಯಬೇಡ.
ಲೆಕ್ಕ ಹಾಕಿ ನೋಡಿದ್ದೇನೆ:
ನಿನ್ನ ಒಲೆಯಿದ್ದ ಜಾಗ ಇದು.