ಅಡ್ಡ ಮಲಗಿಸಿದ ತಿಜೋರಿ

ತವರಿನವರು ಕೊಟ್ಟ ತಿಜೋರಿ ಅದು. ಬೂದು ಬಣ್ಣ,
ಒಳಗೊಂದು ಲಾಕರು, ಒಂದು ಬಾಗಿಲಿಗೆ ಉದ್ದ ಕನ್ನಡಿ.
ಹದಿನೇಳು ವರ್ಷ ಚಾಳಿನ ಗೋಡೆಗೆ ಬೆನ್ನು ಕೊಟ್ಟು ನಿಂತದ್ದು
ಒಂದು ಭಾನುವಾರ ಟೆಂಪೋ ಹತ್ತಿ
ಸಾಕಿನಾಕಾದ ಗಾಳೆಗೆ ಬಂದು
ಮಗ್ಗುಲಾಗಿ ಮಲಗಿತು.

‘ಕೊಡ್ತೀಯೇನ?’ ಇವರು ಕೇಳಿದ್ದು ಒಂದೇ ಸಲ,
ಅದೂ ಗೋಡೆಯ ಕಡೆ ಮುಖ ಮಾಡಿ.
ಹೊಸ ಬೂತಿನ ಕೊಟೇಶನ್ನನ್ನು
ಅಕ್ಕಿ ಡಬ್ಬಿಯ ಕೆಳಗೆ ಮಡಚಿಟ್ಟಿದ್ದರು.
ಅಂಕಿ ನಾನು ನೋಡಿದ್ದೆ.
ಸೀರೆಗಳನ್ನು ಟ್ರಂಕಿಗೆ ತುರುಕಿದೆ.

ಇಸ್ತಿಯಾಕ್ ಗ್ರೈಂಡರ್ ತಂದ.
ಊಟದ ತಟ್ಟೆ ಬೋರಲಿಟ್ಟು ಗೆರೆ ಎಳೆದು
ಕೆಳಗಿನ ಬಾಗಿಲಿಗೆ ಎರಡು ತೂತು, ತೋಳುದ್ದದ ರಬ್ಬರ್ ಕೈಗವಸು.
ಕನ್ನಡಿ ಬಿಚ್ಚಿದ ಜಾಗಕ್ಕೆ ನೋಡುವ ಗಾಜು.
ಬಂಗಾರ ಮಲಗುತ್ತಿದ್ದ ಲಾಕರಿಗೆ ಬಲ್ಬು.
ತಳಕ್ಕೆ ತಗಡಿನ ಲಾಳಿಕೆ: ಬಿದ್ದ ಪುಡಿ
ಮತ್ತೆ ಪೈಪಿಗೇ ಬರಬೇಕು.
ಧೂಳು ಹಿಡಿಯುವ ಚೀಲ ಮಾತ್ರ ನಾನು ಹೊಲಿದೆ,
ದಪ್ಪ ಬಟ್ಟೆ, ಎರಡು ಪದರ, ಎರಡು ಹೊಲಿಗೆ.
‘ಇಷ್ಟು ಗಟ್ಟಿ ಯಾಕ, ಭಾಭಿ?’ ಅಂದ ಇಸ್ತಿಯಾಕ್.
ಅವನು ಹೊಸಬ.

ಭಾವ ಬಯಲಲ್ಲೇ ಹೊಡೆಯುತ್ತಿದ್ದರು,
ಇದೇ ಓಣಿಯ ಹಿಂದೆ, ತಗಡಿನ ಮರೆಯಲ್ಲಿ,
ಬಾಯಿಗೆ ಒದ್ದೆ ಕರ್ಚೀಪು.
ನವಿಲು, ಕಲಶ, ದ್ರಾಕ್ಷಿಬಳ್ಳಿ.
ಸಂಜೆ ರೆಪ್ಪೆಯೂ ಬೆಳ್ಳಗೆ,
ಗಿರಣಿ ಕಾಕಾ ಅಂತ ಹುಡುಗರು ನಗುತ್ತಿದ್ದರು, ಅವರೂ ನಗುತ್ತಿದ್ದರು,
ನಗು ಕೆಮ್ಮಾಗುವ ತನಕ.
ಸಾಯನ್ ಆಸ್ಪತ್ರೆಯಲ್ಲಿ ಎಕ್ಸ್‌ರೇ ದೀಪಕ್ಕೆ ಹಿಡಿದು
ಡಾಕ್ಟರು ಸುಮ್ಮನೆ ನಿಂತರು.
ನಾನು ಗಾಜಿನವರ ಮನೆಯವಳು,
ಕಂಡ ಕೂಡಲೇ ತಿಳಿಯಿತು:
ಸ್ಟೆನ್ಸಿಲ್ ಇಡದೆ ಹೊಡೆದ ಗಾಜು ಅದು.

ಬೂತು ಮುಗಿದದ್ದು ಜುಲೈಯಲ್ಲಿ.
ಈ ಊರಿನ ಗಾಳಿ ಹಿಂಡಿದರೆ ಒಂದು ಕೊಡ ನೀರು.
ಪುಡಿ ಗಂಟುಕಟ್ಟಿ ನಳಿಗೆಯಲ್ಲಿ ಸಿಕ್ಕಿಕೊಂಡಿತು,
ಎರಡು ದಿನ ಇವರು ಕಂಪ್ರೆಸರಿಗೆ ಬೈದರು.
ಮೂರನೇ ದಿನ ನಾನು ರೊಟ್ಟಿ ಹಂಚು ಹೊತ್ತು ಬಂದೆ.
ಕೆಂಪು ಗಾರ್ನೆಟ್ಟನ್ನು ಜೋಳ ಹುರಿದ ಹಾಗೆ ಹುರಿದೆ,
ಕೈಯಾಡಿಸುತ್ತ, ಸದ್ದು ಬದಲಾಗುವವರೆಗೆ.
ಗಾಳೆಯ ತುಂಬ ಡಾಂಬರ್ ಗುಳಿಗೆಯ ವಾಸನೆ.
ಉಜ್ಜಿ ಉಜ್ಜಿ ತೊಳೆದಿದ್ದೆ, ಆದರೂ
ತಿಜೋರಿ ಸೀರೆಯನ್ನು ಮರೆತಿರಲಿಲ್ಲ.

ಮೊದಲ ಕೆಲಸ ಠಾಣೆಯ ಯಾರದೋ ದೇವರ ಕೋಣೆಯ ಬಾಗಿಲು.
ಕಮಲದ ಸ್ಟೆನ್ಸಿಲ್ ಕೊರೆದೆ, ಒಂದು ಎಸಳು ತುಸು ಡೊಂಕು.
ಇವರು ಕೈ ತೂರಿಸಿದರು, ಪೆಡಲ್ ಒತ್ತಿದರು.
ಒಳಗೆ ಬಿರುಗಾಳಿ.
ಹೊರಗೆ ನನ್ನ ಚಹಾದ ಮೇಲೆ
ಒಂದು ಕಣ ಬೀಳಲಿಲ್ಲ.
ಕೈ ಒಳಗೆ, ಮನುಷ್ಯ ಹೊರಗೆ.
ಇಷ್ಟೇ ಬೇಕಿತ್ತು, ಇಷ್ಟೇ,
ಒಂದು ತಗಡಿನ ದಪ್ಪ.

ನೋಡುವ ಗಾಜಿಗೆ ಮಾತ್ರ ಆಯುಷ್ಯವಿಲ್ಲ.
ತಿರುಗಿ ಸಿಡಿದದ್ದೆಲ್ಲ ಅದಕ್ಕೇ ಬಡಿದು
ಹದಿನೈದು ದಿನಕ್ಕೆ ಪೊರೆ ಬರುತ್ತದೆ.
ಬಿಚ್ಚಿ ಹೊಸದು ಹಾಕುತ್ತೇವೆ.
ಹಳೆಯದನ್ನು ಭಂಗಾರಿನವನೂ ಒಯ್ಯುವುದಿಲ್ಲ.

ಹಂಸ ಅಂಧೇರಿಗೆ ಹೋಯಿತು, ಕಮಲ ಠಾಣೆಗೆ,
ಬಿದಿರು ಯಾವುದೋ ಹೋಟೆಲಿನ ಬಚ್ಚಲಿಗೆ.
ನಮ್ಮ ಮೋರಿಯ ಕಿಟಕಿಗೆ
ಹಳೆಯ ಗಾಜೊಂದನ್ನು ಕೂರಿಸಿದ್ದೇನೆ.
ಬೆಳಕು ಬರುತ್ತದೆ. ಆಚೆ ಯಾರು ನಿಂತರೂ
ಬರೀ ಒಂದು ಎತ್ತರ, ಒಂದು ನೆರಳು.
ಒಮ್ಮೆ ಅತ್ತಿಗೆ, ನಮ್ಮ ಮನೆಗೆ ಬಂದವರು, ಕೈ ತೊಳೆಯುತ್ತ
ಅದನ್ನು ಬೆರಳಲ್ಲಿ ಸವರಿ ನೋಡಿದರು,
ಬೆಕ್ಕಿನ ನಾಲಿಗೆಯಂತೆ ಒರಟು.
‘ಯಾವ ಡಿಸೈನ್ ಇದು?’

ನಾನು ಟವಲು ಕೊಟ್ಟೆ.