ಇಬ್ಬರಿಗೆ, ಕಿಟಕಿಯ ಪಕ್ಕ

ಹನ್ನೊಂದು ತಿಂಗಳ ಹಿಂದೆ, ಬೆಳಗಿನ ಜಾವ,
ನೀನೊಂದು ಫೋನು ನಾನೊಂದು ಫೋನು ಹಿಡಿದು
ಹಾಸಿಗೆಯಲ್ಲೇ ಕೂತು ಗಿಟ್ಟಿಸಿದ ಮೇಜು ಇದು.
ಮುಂಗಡ ವಾಪಸ್ಸಿಲ್ಲ.
ಡಿಸೆಂಬರಿನಲ್ಲಿ ನಾವು ಬೇರೆಯಾದೆವು.
ಹೆಸರು ಬದಲಿಸಬಹುದೇ ಎಂದು ಎರಡು ಸಲ ಬರೆದೆ;
ಆಗದು ಅಂದರು, ತುಂಬಾ ಮರ್ಯಾದೆಯಿಂದ.

ಹಾಗಾಗಿ ಬಂದಿದ್ದೇವೆ, ಎನೆಕೊ,
ದೊನೊಸ್ತಿಯಾದ ಈ ಗುಡ್ಡದ ನೆತ್ತಿಗೆ,
ನಮ್ಮ ಅಪ್ಪಂದಿರು ಹೆಸರನ್ನಷ್ಟೇ ಕೇಳಿದ್ದ ಗಾಜಿನ ಮನೆಗೆ,
ನೀನು ಪಸಾಯಿಯಾದ ಬಂದರಿನಿಂದ, ನಾನು ಇರುನ್‌ನಿಂದ,
ಮೇ ತಿಂಗಳ ಇನ್ನೂ ಬೆಳಕಿರುವ ಸಂಜೆ.
ಕೋಟು ಅದೇ ನೀಲಿಯದು.
ಮೂರನೆಯ ಗುಂಡಿ ನಾನು ಹೊಲಿದದ್ದು;
ದಾರದ ಬಣ್ಣ ಅಂದೂ ಹೊಂದಿರಲಿಲ್ಲ.

“ಎಷ್ಟನೆಯ ವರ್ಷ?” ಬಡಿಸುವ ಹುಡುಗ ಕೇಳಿದ.
ಹದಿನಾಲ್ಕು ಅಂದೆ ನೀನು,
ಹದಿಮೂರೂವರೆ ಅಂದೆ ನಾನು.
ಎರಡೂ ಉತ್ತರಕ್ಕೆ ಅವನು ಒಂದೇ ನಗೆ ನಕ್ಕ.

ಮೊದಲು ಬಂದದ್ದು ಒಂದು ಕಲ್ಲು,
ಹೊಳೆಯ ಕಲ್ಲು, ಅದರ ಮೇಲೆ ಒಂದೇ ಒಂದು ಆಂಚೋವಿ ಮೀನು.
“ಸಮುದ್ರದ ನೆನಪಿಗೆ,” ಅಂದ ಹುಡುಗ.
ದಿನಾ ಹಡಗುಗಳನ್ನು ಕೈಹಿಡಿದು ದಡಕ್ಕೆ ಕರೆತರುವವನು ನೀನು,
ಉಪ್ಪುಗಾಳಿಗೆ ಹುಬ್ಬು ಬೆಳ್ಳಗಾದವನು,
ಕಲ್ಲನ್ನೇ ನೋಡಿ ಮೆಲ್ಲಗೆ ಕೇಳಿದೆ:
“ಇದನ್ನೂ ತಿನ್ನಬೇಕಾ?”
ನಗಬಾರದು ಅಂದುಕೊಂಡೇ ಬಂದಿದ್ದೆ.

ಆಮೇಲೆ ನೊರೆ. ಆಮೇಲೆ ಹೊಗೆ ತುಂಬಿದ ಗಾಜಿನ ಮುಚ್ಚಳ,
ಎತ್ತಿದರೆ ಬಟಾಣಿ, ಒಂಬತ್ತು. ಎಣಿಸಿದೆ.
ಕಣ್ಣೀರ ಬಟಾಣಿ ಅಂತ ಅದರ ಹೆಸರು;
ಹನಿಯ ಆಕಾರಕ್ಕೆ ಇಟ್ಟ ಹೆಸರು ಅಷ್ಟೇ,
ಹುಡುಗ ವಿವರಿಸಿದ, ಯಾರೂ ಕೇಳದಿದ್ದರೂ.
ಹಲ್ಲಿಗೆ ತಾಗುವ ಮೊದಲೇ ಒಡೆದು
ಸಿಹಿ, ಬರೀ ಸಿಹಿ.
ಅಷ್ಟು ಒಳ್ಳೆಯದನ್ನು ನಾನು ಯಾವತ್ತೂ ತಿಂದಿರಲಿಲ್ಲ,
ಅದನ್ನು ನಿನ್ನೆದುರೇ ತಿನ್ನಬೇಕಾಯಿತಲ್ಲ ಅಂತ ಸಿಟ್ಟು ಬಂತು.

ವಕೀಲರ ಮೇಜಿನ ಮೇಲೆ ಪಟ್ಟಿ ಎರಡು ಪುಟ:
ಕಾವಲಿ ನಿನಗೆ, ಫ್ರಿಜ್ಜು ನನಗೆ,
ನಾಯಿ ವಾರ ಬಿಟ್ಟು ವಾರ.
ಆದರೂ ಸಿಂಪಿ ಬಂದಾಗ ನಿನ್ನ ಪಾಲಿನದು ನನ್ನ ತಟ್ಟೆಗೆ ಬಂತು,
ನನ್ನ ಕುರಿಹಾಲಿನ ಚೀಸ್ ನಿನ್ನ ಕಡೆ ಹೋಯಿತು.
ಬಾಯಿ ಒಂದು ಮಾತೂ ಆಡಿರಲಿಲ್ಲ.
ಕೈಗಳಿಗೆ ಯಾರೂ ನೋಟೀಸು ಕಳಿಸಿಲ್ಲ, ಕಾಣುತ್ತದೆ.

ಎಂಟನೆಯ ತಟ್ಟೆಗೆ ನೀನು ಚಮಚ ಕೆಳಗಿಟ್ಟೆ.
ನನ್ನ ಅಮ್ಮನ ಮಣ್ಣಿನ ದಿನ
ಗುಜರಿ ಕಬ್ಬಿಣದ ಹಡಗೊಂದು ಬಂದರಿನ ಬಾಯಲ್ಲಿ ನಿಂತಿತ್ತು.
ಬೇರೆ ಪೈಲಟ್ ಇದ್ದ; ನೀನು ಕೇಳಿಕೊಳ್ಳಲಿಲ್ಲ.
“ಕೇಳಿಕೊಳ್ಳಬಹುದಿತ್ತು,” ಅಂದೆ ನೀನು, ಮೊದಲ ಸಲ.
“ಅದೊಂದನ್ನು ಹೊಟ್ಟೆಗೆ ಹಾಕಿಕೋ, ಗರಾಸಿ.”
“ಜಾಗ ಇಲ್ಲ ಎನೆಕೊ, ಇನ್ನೂ ಐದು ಬಗೆ ಬಾಕಿ.”
ತಮಾಷೆಗೆ ಆಡಿದ ಮಾತಲ್ಲ ಅದು,
ಹಾಗೆ ಕೇಳಿಸಿತು.
ಇಬ್ಬರೂ ಹೊರಗೆ ನೋಡಿದೆವು. ನೀರಿನ ಮೇಲೆ ದೂರದಲ್ಲೊಂದು ದೀಪ;
ಯಾವ ಹಡಗೆಂದು ನಿನಗೆ ಗೊತ್ತಿತ್ತು, ಹೇಳಲಿಲ್ಲ.

ಕೊನೆಗೆ ಕೇಕು, ಒಂದು ಮೇಣದ ಬತ್ತಿ,
ಚಾಕೊಲೇಟಿನಲ್ಲಿ ನಮ್ಮಿಬ್ಬರ ಹೆಸರು.
ಪಕ್ಕದ ಮೇಜಿನ ಜಪಾನಿ ಮುದುಕರು ಚಪ್ಪಾಳೆ ತಟ್ಟಿದರು.
ಏನು ಮಾಡುವುದು, ಬತ್ತಿ ಉರಿಯುತ್ತಿತ್ತು, ಊದಿದೆವು.
ನೀನು ನನ್ನ ಹೆಸರು ತಿಂದೆ,
ನಾನು ನಿನ್ನದರಲ್ಲಿ ಅರ್ಧ. ಕಹಿ ಜಾಸ್ತಿ.

ಬರುವ ವರ್ಷದ ಪುಸ್ತಕ ಇವತ್ತೇ ತೆರೆದಿದ್ದೇವೆ,
ಇದೇ ತಾರೀಖು ಬರೆದುಕೊಳ್ಳಲೇ?
ಹುಡುಗನ ಪೆನ್ನು ಕಾಯುತ್ತಿತ್ತು.
ನಾನು ಕೋಟು ತರಲು ಎದ್ದೆ.
ಬೆನ್ನ ಹಿಂದೆ ನೀನೇನೋ ಹೇಳಿದ್ದು ಕೇಳಿಸಿತು,
ಏನೆಂದು ಕೇಳಿಸಲಿಲ್ಲ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ.
ಉಂಡದ್ದಂತೂ ಆಯಿತು, ಹದಿಮೂರು ಬಗೆ.
ಮಲಗುವುದಕ್ಕೆ ಎರಡು ಊರು.
ನಿಲ್ದಾಣಕ್ಕೆ ನಿನ್ನ ಬಸ್ಸು ಮೊದಲು ಬಂತು,
ಬಾಗಿಲು ತೆರೆದು ನಿಂತಿತು. ನೀನು ಜೇಬು ತಡಕುತ್ತಲೇ ಇದ್ದೆ.
ಚಾಲಕ ಬೇಸತ್ತು ಹೊರಟ.
ಚಿಲ್ಲರೆ ಆಗಲೇ ನಿನ್ನ ಇನ್ನೊಂದು ಕೈಯಲ್ಲಿತ್ತು.